ವಾಪಸು ಕೊಟ್ಟ ಸಾಲಕ್ಕೂ ತೆರಿಗೆಯೇ?

"ಎಂತ ಮಾರಾಯ್ರೆ, ನನ್ನ ಗಲ್ಲಾದಿಂದ ನಾನು ತೆಗೆದದ್ದು, ನಾನೇ ವಾಪಸು ಇಟ್ಟದ್ದು. ಇದರಲ್ಲಿ ಆದಾಯ ಎಲ್ಲಿ ಬಂತು?"

ಹೀಗೆ ಕೇಳಿದವರು ಮುಂಬಯಿಯಲ್ಲಿ ಎರಡು ಹೋಟೆಲ್ ನಡೆಸುವ, ಕುಂದಾಪುರ ಕಡೆಯ ನನ್ನ ಸ್ನೇಹಿತರು. ಉತ್ತರ ನನಗೆ ಗೊತ್ತಿತ್ತು, ಆದರೆ ಹೇಳಲು ನಾಚಿಕೆಯಾಯಿತು. ಯಾಕೆಂದರೆ "ಎಷ್ಟು ದಿನ ಅಂತ ಪ್ರೊಪ್ರೈಟರ್ ಆಗಿ ಇರ್ತೀರಿ? ಪ್ರೈವೇಟ್ ಲಿಮಿಟೆಡ್ ಮಾಡಿ, ಬ್ಯಾಂಕ್ ಸಾಲ ಸಲೀಸಾಗುತ್ತೆ" ಎಂದು 2016ರಲ್ಲಿ ಅವರಿಗೆ ಉಪದೇಶ ಮಾಡಿದವನು ನಾನೇ!

ಕಂಪನಿ ಆಯಿತು. ಅವರದು 60% ಶೇರು, ಹೆಂಡತಿಯದು 40%. 2021ರ ಮೇ ತಿಂಗಳಲ್ಲಿ ಅವರ ಅಣ್ಣ ಕೋವಿಡ್‌ನಿಂದ ಆಸ್ಪತ್ರೆ ಸೇರಿದಾಗ ಕಂಪನಿಯ ಖಾತೆಯಿಂದ 18 ಲಕ್ಷ ತೆಗೆದರು. ಕಳ್ಳತನವಲ್ಲ, ಲೆಕ್ಕದಲ್ಲಿ 'ಸಾಲ' ಎಂದೇ ಬರೆಸಿದರು. ಅಣ್ಣ ಉಳಿಯಲಿಲ್ಲ. ಊರಿನ ಒಂದಿಷ್ಟು ಜಾಗ ಮಾರಿ 2022ರ ಫೆಬ್ರವರಿಯಲ್ಲಿ ಪೂರ್ತಿ 18 ಲಕ್ಷ ಕಂಪನಿಗೆ ತುಂಬಿದರು. 2024ರ ಮಾರ್ಚ್‌ನಲ್ಲಿ ಆದೇಶ ಬಂತು: ಆ 18 ಲಕ್ಷ ನಿಮ್ಮ ಆದಾಯ, ತೆರಿಗೆ ಕಟ್ಟಿ. 30% ಮತ್ತು ಅದರ ಮೇಲೆ 4% ಸೆಸ್ ಸೇರಿ 5 ಲಕ್ಷ 61 ಸಾವಿರ ಚಿಲ್ಲರೆ. ಬಡ್ಡಿ ಬೇರೆ.

ಆದೇಶ ಬರೆದ ಅಧಿಕಾರಿಯನ್ನು ನಾನು ದೂರುವುದಿಲ್ಲ. ಕಾನೂನು ಇರುವುದೇ ಹಾಗೆ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 2(22)(ಇ) ಪ್ರಕಾರ, ಸಾರ್ವಜನಿಕರ ಪಾಲಿಲ್ಲದ ಕಂಪನಿಯೊಂದು 10% ಅಥವಾ ಹೆಚ್ಚು ಮತಾಧಿಕಾರ ಇರುವ ಶೇರುದಾರನಿಗೆ ಸಾಲ ಅಥವಾ ಮುಂಗಡ ಕೊಟ್ಟರೆ, ಕಂಪನಿಯಲ್ಲಿ ಕೂಡಿಟ್ಟ ಲಾಭ ಎಷ್ಟಿದೆಯೋ ಅಷ್ಟರ ಮಟ್ಟಿಗೆ ಅದು ಸಾಲವಲ್ಲ, ಡಿವಿಡೆಂಡ್! ಇದಕ್ಕೆ 'ಡೀಮ್ಡ್ ಡಿವಿಡೆಂಡ್' ಅಂತ ಹೆಸರು. ಬಡ್ಡಿ ಕೊಟ್ಟಿದ್ದೇನೆ ಎಂದರೂ ಈ ಸೆಕ್ಷನ್ನಿನ ಅಕ್ಷರದಲ್ಲಿ ವಿನಾಯಿತಿ ಇಲ್ಲ. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಬಂದ ಹೊಸ ಕಾಯ್ದೆಯಲ್ಲೂ ಈ ನಿಯಮ ಹಾಗೇ ಉಳಿದುಕೊಂಡಿದೆ.

ನಿಯಮದ ಉದ್ದೇಶ ಸರಿಯೇ ಇದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಡಿವಿಡೆಂಡ್ ಕೊಟ್ಟರೆ ತೆರಿಗೆ, ಸಾಲ ಅಂದರೆ ತೆರಿಗೆ ಇಲ್ಲ ಎಂದಾದರೆ ಯಾವ ಮಾಲೀಕ ತಾನೇ ಡಿವಿಡೆಂಡ್ ಘೋಷಿಸುತ್ತಾನೆ? ಜೀವಮಾನವಿಡೀ 'ಸಾಲ' ತೆಗೆಯುತ್ತಾ ಹೋಗುತ್ತಾನೆ. ಇದನ್ನು ತಡೆಯಲು 1955ರಲ್ಲೇ ಈ ನಿಯಮ ಬಂತು. 1960ರ ದಶಕದಲ್ಲಿ ನವನೀತಲಾಲ್ ಜವೇರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಬ್ಯಾಂಕಿನಲ್ಲಿ ಕೂತು ನೂರಾರು ಬ್ಯಾಲೆನ್ಸ್ ಶೀಟ್ ನೋಡಿದವನು ನಾನು. 'ನಿರ್ದೇಶಕರಿಗೆ ಸಾಲ' ಎನ್ನುವ ಸಾಲು ವರ್ಷದಿಂದ ವರ್ಷಕ್ಕೆ ಊದಿಕೊಳ್ಳುವುದನ್ನು ಕಂಡಿದ್ದೇನೆ. ಅಂಥವರಿಗೆ ತೆರಿಗೆ ಹಾಕಲಿ, ಬೇಡ ಅಂದವರ್‍ಯಾರು?

ನನ್ನ ತಕರಾರು ವಾಪಸು ಕೊಟ್ಟವರ ವಿಷಯದಲ್ಲಿ. 1977ರಲ್ಲಿ ತರುಲತಾ ಶ್ಯಾಮ್ ಪ್ರಕರಣದಲ್ಲಿ, ವರ್ಷ ಮುಗಿಯುವ ಮೊದಲೇ ಹಣ ಹಿಂತಿರುಗಿಸಿದ್ದರೂ ತೆರಿಗೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾನೂನಿನ ಅಕ್ಷರ ಹಾಗಿರುವಾಗ ಕಷ್ಟ ಎಷ್ಟೇ ಇದ್ದರೂ ಕೋರ್ಟು ಏನೂ ಮಾಡುವ ಹಾಗಿಲ್ಲ ಎಂಬುದು ಆ ತೀರ್ಪಿನ ಸಾರ.

ಇನ್ನೂ ಒಂದು ವಿಚಿತ್ರ ನೋಡಿ. ಒಬ್ಬ ಸಾಲ ತೆಗೆದು ವಾಪಸು ಕೊಡುವುದೇ ಇಲ್ಲ ಅಂದುಕೊಳ್ಳಿ. ಅವನಿಗೂ ತೆರಿಗೆ ಬೀಳುತ್ತದೆ. ಆಮೇಲೆ ಕಂಪನಿ ನಿಜವಾದ ಡಿವಿಡೆಂಡ್ ಘೋಷಿಸಿ ಹಳೇ ಸಾಲಕ್ಕೆ ಜಮಾ ಮಾಡಿಕೊಂಡರೆ, ಅಷ್ಟಕ್ಕೆ ಮತ್ತೆ ತೆರಿಗೆ ಇಲ್ಲ. ಕಾಯ್ದೆಯೇ ಈ ವಿನಾಯಿತಿ ಕೊಟ್ಟಿದೆ. ಆದರೆ ನನ್ನ ಸ್ನೇಹಿತರು ಜಾಗ ಮಾರಿ ಹಣ ತುಂಬಿದರಲ್ಲ, ಅವರ ಕಥೆ? ಸಾಲವೇ ತೀರಿದ ಮೇಲೆ ಜಮಾ ಮಾಡಿಕೊಳ್ಳಲು ಏನಿದೆ? ನಾಳೆ ಕಂಪನಿ ಅದೇ 18 ಲಕ್ಷವನ್ನು ಡಿವಿಡೆಂಡ್ ಆಗಿ ಕೊಟ್ಟರೆ ಎರಡನೇ ಸಲ ತೆರಿಗೆ. ಅಂದರೆ ವಾಪಸು ಕೊಡದವನಿಗೆ ಒಂದು ಸಲ, ವಾಪಸು ಕೊಟ್ಟವನಿಗೆ ಎರಡು ಸಲ! ನಮ್ಮ ಬ್ಯಾಂಕಿನಲ್ಲಿ ಅವಧಿಗೆ ಮುಂಚೆ ಸಾಲ ತೀರಿಸಿದವನನ್ನು ಒಳ್ಳೇ ಗಿರಾಕಿ ಅನ್ನುತ್ತೇವೆ. ಇಲ್ಲಿ ಎಲ್ಲಾ ಉಲ್ಟಾ.

ಬೇರೆ ದೇಶಗಳಲ್ಲಿ ಈ ಚಟ ಇಲ್ಲವೇ? ಇದೆ. ಬ್ರಿಟನ್‌ನಲ್ಲಿ ಇಂಥ ಸಾಲಕ್ಕೆ ಕಂಪನಿಯೇ ತೆರಿಗೆ ಕಟ್ಟಬೇಕು. ಆದರೆ ಲೆಕ್ಕದ ಅವಧಿ ಮುಗಿದು ಒಂಬತ್ತು ತಿಂಗಳೊಳಗೆ ಸಾಲ ತೀರಿದರೆ ತೆರಿಗೆ ಇಲ್ಲ. ತಡವಾಗಿ ತೀರಿದರೆ ಕಟ್ಟಿದ ತೆರಿಗೆ ಕಂಪನಿಗೆ ಮರಳುತ್ತದೆ. ಆಸ್ಟ್ರೇಲಿಯಾದಲ್ಲಿ ಲಿಖಿತ ಒಪ್ಪಂದ, ನಿಗದಿತ ಬಡ್ಡಿ ಮತ್ತು ವರ್ಷ ವರ್ಷ ಕಂತು ಇದ್ದರೆ ಅದನ್ನು ಸಾಲವೆಂದೇ ಒಪ್ಪುತ್ತಾರೆ. ಅಡಮಾನ ಇಲ್ಲದಿದ್ದರೆ 7 ವರ್ಷ, ಸ್ಥಿರಾಸ್ತಿ ಅಡಮಾನ ಇದ್ದರೆ 25 ವರ್ಷದವರೆಗೆ ಅವಧಿ.

"ಮಾರ್ಚ್ 31ಕ್ಕೆ ತುಂಬಿ ಏಪ್ರಿಲ್ 2ಕ್ಕೆ ಮತ್ತೆ ತೆಗೆದರೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತುವ ಆಟ ನಮಗೂ ಗೊತ್ತು. ಬ್ರಿಟನ್ 2013ರಲ್ಲಿ ಇದಕ್ಕೂ ಬೀಗ ಹಾಕಿತು. ತುಂಬಿದ 30 ದಿನದೊಳಗೆ ದೊಡ್ಡ ಮೊತ್ತ ಮತ್ತೆ ತೆಗೆದರೆ ಅಷ್ಟರ ಮಟ್ಟಿಗೆ ಅದು ಸಾಲ ತೀರಿಸಿದ ಲೆಕ್ಕವಲ್ಲ. ಮನಸ್ಸಿದ್ದರೆ ನಾವೂ ಮಾಡಬಹುದು.

ತಮಾಷೆ ಅಂದರೆ, ಈ ಕರುಣೆ ನಮ್ಮವರಿಗೆ ಹೊಸದಲ್ಲ! 1955ರಲ್ಲಿ ನಿಯಮ ಬಂದಾಗ, ಅದಕ್ಕೂ ಮೊದಲಿನ ಸಾಲಗಳನ್ನು 1955ರ ಜೂನ್ 30ರೊಳಗೆ ನಿಜವಾಗಿ ಹಿಂತಿರುಗಿಸಿದರೆ ತೆರಿಗೆ ಹಾಕುವುದಿಲ್ಲ ಎಂದು ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು. ಅಂದು ಒಂದು ಸಲ ತೆರೆದ ಬಾಗಿಲು ಮತ್ತೆ ತೆರೆಯಲಿಲ್ಲ. 1987ರಲ್ಲಿ ನಿಯಮವನ್ನು ಬಿಗಿ ಮಾಡಿ ಮಿತಿಯನ್ನು 10%ಕ್ಕೆ ತಂದರು. 2018ರಲ್ಲಿ ತೆರಿಗೆಯನ್ನು ಕಂಪನಿಯ ತಲೆಗೆ ಕಟ್ಟಿದರು, 2020ರಲ್ಲಿ ಮತ್ತೆ ಶೇರುದಾರನ ತಲೆಗೆ. ಯಾರು ಕಟ್ಟಬೇಕು ಎಂಬುದನ್ನು ಇಷ್ಟು ಸಲ ತಿದ್ದಿದವರಿಗೆ, ವಾಪಸು ಕೊಟ್ಟವನು ಯಾಕೆ ಕಟ್ಟಬೇಕು ಎಂಬ ಪ್ರಶ್ನೆ ಹೊಳೆಯಲೇ ಇಲ್ಲ.

ಕಾನೂನು ಬದಲಾಗುವ ತನಕ ನಾವು ಹುಷಾರಾಗಿರಬೇಕು. ಮುಂಬಯಿ, ಪುಣೆಗಳಲ್ಲಿ ಹೋಟೆಲ್, ಟ್ರಾನ್ಸ್‌ಪೋರ್ಟ್ ನಡೆಸುವ ನಮ್ಮವರು ಎಷ್ಟೋ ಜನ ಗಂಡ ಹೆಂಡತಿ ಸೇರಿ ಕಂಪನಿ ಮಾಡಿಕೊಂಡಿದ್ದಾರೆ. ಕಂಪನಿ ಆದ ದಿನದಿಂದ ಗಲ್ಲಾ ನಿಮ್ಮದಲ್ಲ, ಕಂಪನಿಯದು. ಮನೆಖರ್ಚಿಗೆ ಸಂಬಳ ಗೊತ್ತು ಮಾಡಿಕೊಳ್ಳಿ. ನೀವು ಹಾಕುವ ಹಣವನ್ನೆಲ್ಲ ಶೇರು ಬಂಡವಾಳ ಮಾಡದೆ ಒಂದು ಭಾಗವನ್ನು ಕಂಪನಿಗೆ ನೀವು ಕೊಟ್ಟ ಸಾಲವಾಗಿ ಇಡಿ. ಕಷ್ಟಕಾಲಕ್ಕೆ ಅದನ್ನು ಹಿಂದಕ್ಕೆ ಪಡೆದರೆ ಅದು ನಿಮ್ಮದೇ ದುಡ್ಡು, ಡಿವಿಡೆಂಡ್ ಅಲ್ಲ. ದೊಡ್ಡ ಮೊತ್ತ ತೆಗೆಯುವ ಮೊದಲು ನಿಮ್ಮ ಸಿಎ ಅವರಿಗೆ ಒಂದು ಫೋನ್ ಮಾಡಿ, ತೆಗೆದ ಮೇಲೆ ಅಲ್ಲ.

ಈ ಮೂರು ಮಾತು 2016ರಲ್ಲೇ ನನ್ನ ಬಾಯಿಂದ ಬರಬೇಕಿತ್ತು. ಸಾಲದ ಅರ್ಜಿ ತುಂಬಿಸುವ ಅವಸರದಲ್ಲಿ ನಾನು ಹೇಳಲಿಲ್ಲ. ನನ್ನಂಥ ಬ್ಯಾಂಕಿನವರು ಬಹಳ ಜನ ಈಗಲೂ ಹೇಳುವುದಿಲ್ಲ.

ಸ್ನೇಹಿತರು ಮೇಲ್ಮನವಿ ಹಾಕಿದ್ದಾರೆ. ಮೊನ್ನೆ ಸಿಕ್ಕಾಗ ನಕ್ಕು ಹೇಳಿದರು, "ವಾಪಸು ಕೊಡದೇ ಇದ್ದಿದ್ರೆ ಊರಿನ ಜಾಗವಾದ್ರೂ ಉಳೀತಿತ್ತು, ಅಲ್ವಾ?"

ಪ್ರಾಮಾಣಿಕನೊಬ್ಬನ ಬಾಯಲ್ಲಿ ಈ ಮಾತು ಬರುವಂತೆ ಮಾಡಿದ ಕಾನೂನು ಒಳ್ಳೆಯದಲ್ಲ. ನೀವೇನಂತೀರಿ?