ಮಾರಿಯೋಗೆ ಯಾರ ದನಿ?

2021ರ ಸೆಪ್ಟೆಂಬರ್‌ನಲ್ಲಿ ವಿಡಿಯೊ ಗೇಮ್ ಸಂಸ್ಥೆ ನಿಂಟೆಂಡೊದ ಶಿಗೆರು ಮಿಯಾಮೊಟೊ ಮಾರಿಯೋ ಆನಿಮೇಷನ್ ಚಿತ್ರದಲ್ಲಿ ಯಾವ ಪಾತ್ರಕ್ಕೆ ಯಾರ ದನಿ ಎಂಬುದನ್ನು ಪ್ರಕಟಿಸಿದರು. ಮಾರಿಯೋಗೆ ದನಿ ಕೊಡುವವರು ಹಾಲಿವುಡ್ ನಟ ಕ್ರಿಸ್ ಪ್ರ್ಯಾಟ್ ಎಂದು ತಿಳಿಯುತ್ತಲೇ ತಕರಾರು ಎದ್ದಿತು. 1996ರ ‘ಸೂಪರ್ ಮಾರಿಯೋ 64’ ಆಟದಿಂದಲೂ ಮಕ್ಕಳು ಕೇಳಿಕೊಂಡು ಬಂದಿದ್ದ ಕೀಚಲು ಇಟಾಲಿಯನ್ ದನಿ ಚಾರ್ಲ್ಸ್ ಮಾರ್ಟಿನೆ ಅವರದು. ಅವರಿಗೆ ಸಿಕ್ಕಿದ್ದು ಚಿತ್ರದೊಳಗಿನ ಒಂದೆರಡು ಚಿಕ್ಕ ಪಾತ್ರ. ಮರುವರ್ಷ ಮೊದಲ ಟ್ರೈಲರ್ ಬಂದಾಗ ಅಸಮಾಧಾನ ಇನ್ನಷ್ಟು ಜೋರಾಯಿತು. ಕೊನೆಗೆ 2023ರ ಏಪ್ರಿಲ್‌ನಲ್ಲಿ ‘ದಿ ಸೂಪರ್ ಮಾರಿಯೋ ಬ್ರದರ್ಸ್ ಮೂವಿ’ ತೆರೆಕಂಡಿತು. ವಿಮರ್ಶಕರು ಅರೆಮನಸ್ಸಿನಿಂದ ಬರೆದರೆ, ಕುಟುಂಬಗಳು ಚಿತ್ರಮಂದಿರ ತುಂಬಿಸಿದವು. ಗಳಿಕೆ 130 ಕೋಟಿ ಡಾಲರ್ ದಾಟಿತು. ಇಷ್ಟು ಜನ ನೋಡಿದ ಮೇಲೆ ತಕರಾರಿಗೆ ಅರ್ಥವೇನು ಎಂದು ಹಲವರು ಕೇಳಿದರು. ನನ್ನ ಅಭಿಪ್ರಾಯ ಬೇರೆ. ದನಿಯ ಆಯ್ಕೆಯನ್ನು ಪ್ರಶ್ನಿಸಿದ ಪ್ರೇಕ್ಷಕರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು, ಟಿಕೆಟ್ಟಿನ ಲೆಕ್ಕ ಅದಕ್ಕೆ ಉತ್ತರವಾಗುವುದಿಲ್ಲ.

ಆನಿಮೇಷನ್ ಪಾತ್ರದ ಮೀಸೆ, ಟೋಪಿ, ನಡಿಗೆ ಎಲ್ಲವೂ ಕಲಾವಿದರ ಕೈಯಿಂದ, ಕಂಪ್ಯೂಟರಿನಿಂದ ಬಂದದ್ದು. ಅದರಲ್ಲಿ ಮನುಷ್ಯರ ಮೈಯಿಂದ ನೇರವಾಗಿ ಬರುವುದು ಉಸಿರು ಮತ್ತು ದನಿ ಮಾತ್ರ. ದನಿಯೊಂದು ಪಾತ್ರಕ್ಕೆ ಅಂಟಿಕೊಂಡರೆ ಬಿಡಿಸುವುದು ಸುಲಭವಲ್ಲ ಎಂಬುದನ್ನು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ತೆರೆಯ ಮೇಲೆ ರಾಜ್‌ಕುಮಾರ್ ಹಾಡಲು ಬಾಯಿ ತೆರೆದರೆ ಪಿ.ಬಿ. ಶ್ರೀನಿವಾಸ್ ಅವರ ದನಿ ಕೇಳಬೇಕು ಎಂಬುದಕ್ಕೆ ನಮ್ಮ ಕಿವಿ ಒಗ್ಗಿಹೋಗಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಹಾಡಿದ ಮೇಲೆ ರಾಜ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದಾಗ ಆ ಕಿವಿ ಹೊಸದಾಗಿ ಪಳಗಬೇಕಾಯಿತು. ಅಲ್ಲಿ ಕಡೇಪಕ್ಷ ಕಣ್ಣೆದುರು ರಾಜ್ ಅವರ ಮುಖವಿತ್ತು, ದನಿಯೂ ಅವರದೇ ಆಗಿತ್ತು. ಮಾರಿಯೋಗೆ ಅಂಥ ಆಸರೆಯೇ ಇಲ್ಲ. ಓದಲು ಬಾರದ ನಾಲ್ಕು ವರ್ಷದ ಮಗು ಪೋಸ್ಟರಿನ ಹೆಸರು ನೋಡಿ ಚಿತ್ರಕ್ಕೆ ಬರುವುದಿಲ್ಲ. ದನಿ ಕೇಳಿ ಅದು ಪಾತ್ರದ ಗುರುತು ಹಿಡಿಯುತ್ತದೆ. ಹಾಗಾಗಿ, ಮಕ್ಕಳ ಚಿತ್ರಕ್ಕೆ ಇಷ್ಟೆಲ್ಲ ಚರ್ಚೆ ಯಾಕೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ದನಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನಂಬುವವರು ಮಕ್ಕಳೇ.

ಹಾಗೆಂದು ಜನಪ್ರಿಯ ನಟರು ಆನಿಮೇಷನ್ ಕಡೆಗೆ ಬರಲೇಬಾರದು ಎಂಬ ವಾದವೂ ನಿಲ್ಲುವುದಿಲ್ಲ. 1992ರ ‘ಅಲ್ಲಾದ್ದೀನ್’ನಲ್ಲಿ ರಾಬಿನ್ ವಿಲಿಯಮ್ಸ್ ಜೀನಿಗೆ ದನಿಯಾದಾಗ ಚಿತ್ರಕಾರರು ಅವರ ಮಾತಿನ ಓಟವನ್ನು ಹಿಂಬಾಲಿಸಿಕೊಂಡೇ ಗೆರೆ ಎಳೆದರು. ‘ಶ್ರೆಕ್’ನಲ್ಲಿ ಮೈಕ್ ಮೈಯರ್ಸ್ ಒಮ್ಮೆ ಧ್ವನಿಮುದ್ರಣ ಮಾಡಿದ ಬಳಿಕ ಪಾತ್ರಕ್ಕೆ ಸ್ಕಾಟ್ಲೆಂಡಿನ ಉಚ್ಚಾರಣೆಯೇ ಸರಿ ಎಂದು ಪಟ್ಟುಹಿಡಿದು ಮತ್ತೆ ಮಾತಾಡಿದರು. ಅಷ್ಟು ದೂರ ಹೋಗುವುದೂ ಬೇಡ, ಮಾರಿಯೋ ಚಿತ್ರದಲ್ಲೇ ಖಳನಾಯಕ ಬೌಸರ್‌ಗೆ ದನಿಯಾದ ಜ್ಯಾಕ್ ಬ್ಲ್ಯಾಕ್ ಅವರನ್ನು ಟೀಕಾಕಾರರೂ ಹೊಗಳಿದರು. ಅವರು ಪಾತ್ರದೊಳಗೆ ಇಳಿದು ಗುಡುಗಿದರು, ಗೋಗರೆದರು, ಪಿಯಾನೊ ಮುಂದೆ ಕೂತು ಪ್ರೇಮಗೀತೆ ಹಾಡಿದರು. ಪ್ರ್ಯಾಟ್ ಅವರ ವಿಷಯವನ್ನೇ ನೋಡಿ. 2014ರ ‘ದಿ ಲೆಗೊ ಮೂವಿ’ಯ ಎಮ್ಮೆಟ್ ಪಾತ್ರದಲ್ಲಿ ಇದೇ ನಟ, ಇದೇ ದನಿ. ಆಗ ಯಾರೂ ಮುಖ ಸಿಂಡರಿಸಲಿಲ್ಲ. ಎಮ್ಮೆಟ್ ಅದೇ ಚಿತ್ರದಲ್ಲಿ ಹುಟ್ಟಿದವನು, ತೀರಾ ಸಾಮಾನ್ಯನಾಗಿರುವುದೇ ಅವನ ಗುಣ. ಪ್ರ್ಯಾಟ್ ಅವರ ಪಕ್ಕದ್ಮನೆ ಹುಡುಗನ ದನಿ ಅವನಿಗೆ ಅಳತೆ ತೆಗೆದು ಹೊಲಿದಂತಿತ್ತು. ಮಾರಿಯೋ ಹಾಗಲ್ಲ. ಅವನ ದನಿಗೆ ಅದಾಗಲೇ ಕಾಲು ಶತಮಾನದ ಆಯುಷ್ಯವಿತ್ತು. ಅದನ್ನು ತೆಗೆದು ಬೇರೊಂದನ್ನು ಇಡುವಾಗ ಹೊಸದು ಕೂಡ ಅಷ್ಟೇ ಗಟ್ಟಿಯಾದ ಇನ್ನೊಂದು ದನಿಯಾಗಿರಬೇಕಿತ್ತು. ತೆರೆಯ ಮೇಲೆ ಕೇಳಿದ್ದು ನಟನೊಬ್ಬನ ಎಂದಿನ ಮಾತು, ಅಲ್ಲಲ್ಲಿ ಬ್ರೂಕ್ಲಿನ್ ಛಾಯೆಯೊಂದಿಗೆ. ಈ ಅಳುಕು ಚಿತ್ರ ಮಾಡಿದವರಿಗೂ ಇತ್ತು ಎಂದು ತೋರುತ್ತದೆ. ಆರಂಭದಲ್ಲೇ ಅಣ್ಣತಮ್ಮಂದಿರು ತಮ್ಮ ಕೊಳಾಯಿ ಅಂಗಡಿಯ ಜಾಹೀರಾತಿನಲ್ಲಿ ಹಳೆಯ ಇಟಾಲಿಯನ್ ಧಾಟಿಯಲ್ಲಿ ಮಾತಾಡುತ್ತಾರೆ, ಆ ಉಚ್ಚಾರಣೆ ಅತಿಯಾಯಿತೇ ಎಂದು ಆಮೇಲೆ ಚಿಂತಿಸುತ್ತಾರೆ. ಚೆನ್ನಾಗಿದೆ ಎಂದು ಧೈರ್ಯ ತುಂಬುವ ಪಾತ್ರಕ್ಕೆ ದನಿ ಸ್ವತಃ ಮಾರ್ಟಿನೆ ಅವರದು.

ಮಾರ್ಟಿನೆ ಅವರ ಕೀಚಲು ದನಿಯನ್ನು ಒಂದೂವರೆ ಗಂಟೆ ಕೇಳಲಾದೀತೇ ಎಂಬ ಆಕ್ಷೇಪಕ್ಕೆ ಬೆಲೆಯಿದೆ. ಆಟದಲ್ಲಿ ಮಾರಿಯೋ ಹೆಚ್ಚು ಮಾತಾಡುವವನಲ್ಲ. ಹಾರುವಾಗ ಒಂದು ಕೇಕೆ, ಗೆದ್ದಾಗ ಒಂದು ಉದ್ಗಾರ, ಅಷ್ಟೇ. ತಮ್ಮನ ಬಗೆಗಿನ ಕಳವಳ, ಅಪ್ಪನ ಮುಂದೆ ಆದ ಅವಮಾನ ಇಂಥವನ್ನು ಆ ಸ್ವರದಲ್ಲಿ ಹೇಳಿದರೆ ಕೃತಕವೆನಿಸಬಹುದು. ಬದಲಾವಣೆ ಬೇಕಿತ್ತು ಎಂದೇ ಇಟ್ಟುಕೊಳ್ಳೋಣ. ಬೇರೆ ದನಿ ಬೇಕು ಎನ್ನುವುದಕ್ಕೂ ಹೆಸರಾಂತ ನಟನೇ ಬೇಕು ಎನ್ನುವುದಕ್ಕೂ ಸಂಬಂಧವೇನು? ಅದೇ 2023ರಲ್ಲಿ ಮಾರ್ಟಿನೆ ಆಟಗಳಿಂದಲೂ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಕೆವಿನ್ ಅಫ್ಘಾನಿ ಜನಸಾಮಾನ್ಯರು ಹೆಸರು ಕೇಳಿರದ ಕಲಾವಿದ. ಅಕ್ಟೋಬರ್‌ನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್ ವಂಡರ್’ನಲ್ಲಿ ಅವರೇ ಮಾರಿಯೋ ಆದರು. ದನಿ ಬದಲಾದದ್ದನ್ನು ಅಭಿಮಾನಿಗಳು ಗಮನಿಸಿದರು, ಸಿನಿಮಾ ವಿಷಯದಲ್ಲಿ ಎದ್ದಂಥ ರಂಪ ಏಳಲಿಲ್ಲ. ಹಳೆಯದಕ್ಕೆ ಜೋತುಬಿದ್ದು ಹೊಸದನ್ನೆಲ್ಲ ದೂರುವ ಜನ ಇವರಾಗಿದ್ದರೆ ಅಫ್ಘಾನಿ ಅವರನ್ನೂ ಬಿಡುತ್ತಿರಲಿಲ್ಲ.

ಉಳಿದದ್ದು ಹಣದ ವಾದ. ಕೋಟಿಗಟ್ಟಲೆ ಡಾಲರ್ ಹೂಡುವವರಿಗೆ ತಾರೆಯ ಹೆಸರಿನ ಭರವಸೆ ಬೇಕು ಎನ್ನುತ್ತಾರೆ. ಮಾರಿಯೋ ಚಿತ್ರದ ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಉತ್ತರ ಅಮೆರಿಕದ ಆಚೆಯಿಂದ. ಆ ದೇಶಗಳಲ್ಲಿ ಹಲವು ಕಡೆ ಪ್ರೇಕ್ಷಕರು ಪ್ರ್ಯಾಟ್ ಅವರ ಒಂದು ಮಾತನ್ನೂ ಕೇಳಲಿಲ್ಲ. ಜಪಾನಿನಲ್ಲಿ ಮಾರಿಯೋ ಆಗಿದ್ದವರು ಮಮೊರು ಮಿಯಾನೊ ಎಂಬ ನುರಿತ ಕಂಠದಾನ ಕಲಾವಿದ. ಅಲ್ಲಿ ಚಿತ್ರ 1,300 ಕೋಟಿ ಯೆನ್‌ಗೂ ಮಿಕ್ಕಿ ಗಳಿಸಿತು. ಜನ ಬಂದದ್ದು ಮಾರಿಯೋಗಾಗಿ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? 2025ರಲ್ಲಿ ಚೀನಾದ ‘ನೆಝಾ 2’ 200 ಕೋಟಿ ಡಾಲರ್ ದಾಟಿ ಆನಿಮೇಷನ್ ಚಿತ್ರಗಳ ದಾಖಲೆಯನ್ನೇ ಮುರಿಯಿತು. ಅದರ ಪುಟ್ಟ ನಾಯಕನ ದನಿ ಲ್ಯು ಯಾಂಟಿಂಗ್ ಎಂಬ ಕಂಠದಾನ ಕಲಾವಿದೆಯದು. ಅದೇ ವರ್ಷ ಜುಲೈನಲ್ಲಿ ನಮ್ಮ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ ಕೂಡ ದೊಡ್ಡ ತಾರೆಯರ ದನಿಯ ಹಂಗಿಲ್ಲದೆ ಮನೆಮಂದಿಯನ್ನೆಲ್ಲ ಚಿತ್ರಮಂದಿರಕ್ಕೆ ಕರೆತಂದಿತು. ಟಿಕೆಟ್ ಕೊಂಡವರೆಲ್ಲ ದನಿಯನ್ನೂ ಒಪ್ಪಿದರು ಎನ್ನಲಾಗದು. ಚಿತ್ರವನ್ನು ಮೆಚ್ಚುವುದೂ ಅದರ ದನಿಯ ಆಯ್ಕೆಯನ್ನು ಒಪ್ಪದಿರುವುದೂ ಒಬ್ಬನೇ ಪ್ರೇಕ್ಷಕನಿಂದ ಸಾಧ್ಯ. ಮಿಶ್ರ ಪ್ರತಿಕ್ರಿಯೆ ಎಂದಾಗ ಜನ ಎರಡು ಬಣಗಳಾಗಿ ಒಡೆದರೆಂದೇ ಭಾವಿಸುತ್ತೇವೆ. ಮಾರಿಯೋ ವಿಷಯದಲ್ಲಿ ಎಷ್ಟೋ ಜನರ ಮನಸ್ಸಿನೊಳಗೇ ಎರಡೂ ಇದ್ದವು.

ಇದು ಹಾಲಿವುಡ್ಡಿನವರ ತಲೆನೋವು ಎಂದು ನಾವು ಸುಮ್ಮನಿರುವಂತಿಲ್ಲ. ಹೆಸರು ನೋಡಿ ದನಿ ಆರಿಸುವ ಪದ್ಧತಿ ನಮ್ಮ ದೇಶದ ಡಬ್ಬಿಂಗ್‌ನಲ್ಲೂ ಬೇರೂರಿದೆ. 2019ರ ‘ದಿ ಲಯನ್ ಕಿಂಗ್’ ತೆಲುಗಿಗೆ ಬಂದಾಗ ಮುಫಾಸಾನ ದನಿಯಾದವರು ‘ಕೆಂಪೇಗೌಡ’ದ ಆರ್ಮುಗಂ ಆಗಿ ಕನ್ನಡಿಗರಿಗೆ ಚಿರಪರಿಚಿತರಾದ, ಕಂಠದಾನದಲ್ಲೇ ಪಳಗಿದ ಪಿ. ರವಿಶಂಕರ್. 2024ರ ‘ಮುಫಾಸಾ’ದಲ್ಲಿ ಆ ಜಾಗಕ್ಕೆ ಮಹೇಶ್ ಬಾಬು ಬಂದರು. 2023ರ ‘ಸ್ಪೈಡರ್ ಮ್ಯಾನ್: ಅಕ್ರಾಸ್ ದಿ ಸ್ಪೈಡರ್ ವರ್ಸ್’ನ ಭಾರತೀಯ ಸ್ಪೈಡರ್ ಮ್ಯಾನ್ ಪವಿತ್ರ್ ಪ್ರಭಾಕರ್‌ಗೆ ಹಿಂದಿ, ಪಂಜಾಬಿಯಲ್ಲಿ ಕ್ರಿಕೆಟಿಗ ಶುಭಮನ್ ಗಿಲ್ ದನಿ ಕೊಟ್ಟರು, ಸುದ್ದಿಯಾದದ್ದೂ ಅದೇ. ಆ ಚಿತ್ರ ಕನ್ನಡದಲ್ಲೂ ಬಂದಿತ್ತು. ಅದರಲ್ಲಿ ಪವಿತ್ರ್ ಆಗಿ ಕನ್ನಡ ಮಾತಾಡಿದವರು ಯಾರು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲರು? ಡಬ್ಬಿಂಗ್ ವಿರೋಧದ ದಶಕಗಳನ್ನು ದಾಟಿ, 2015ರ ಸ್ಪರ್ಧಾ ಆಯೋಗದ ಆದೇಶದ ನಂತರ ಕನ್ನಡದ ಮಕ್ಕಳಿಗೆ ತಮ್ಮ ನುಡಿಯಲ್ಲಿ ಇಂಥ ಚಿತ್ರ ನೋಡುವ ದಾರಿ ತೆರೆದಿದೆ. ಆ ದಾರಿಯಲ್ಲಿ ಬರುವ ನಿರ್ಮಾಪಕರಲ್ಲಿ, ವಿತರಕರಲ್ಲಿ ನನ್ನ ಕೋರಿಕೆ ಇಷ್ಟು: ಕಣ್ಣು ಮುಚ್ಚಿ ಕೇಳಿ ದನಿ ಆರಿಸಿ, ದನಿ ಕೊಟ್ಟವರ ಹೆಸರನ್ನು ಪೋಸ್ಟರಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಿಸಿ.