ಪರವಾನಗಿ ಬೇಡದ ಬಂದೂಕಿಗೆ ಗುರುವೂ ಬೇಡವೇ?

ಏರ್‌ಗನ್ ಎಂದೊಡನೆ ನಮ್ಮ ಭಾಗದ ಜನರ ನೆನಪಿಗೆ ಬರುವುದು ಎರಡೇ ಸಂಗತಿ. ಒಂದು ಜಾತ್ರೆಯ ಬಲೂನು, ಇನ್ನೊಂದು ತೋಟದ ಮಂಗ. ಚುಂಚನಕಟ್ಟೆಯ ಜಾನುವಾರು ಜಾತ್ರೆಯಂಥ ಕಡೆಗಳಲ್ಲಿ ಹಲಗೆಗೆ ಸಾಲಾಗಿ ಅಂಟಿಸಿದ ಬಲೂನುಗಳೆದುರು ನಿಂತು, ನಳಿಗೆ ತುಸು ಸೊಟ್ಟಗಾದ ಬಂದೂಕನ್ನು ಹೆಗಲಿಗೇರಿಸಿ, ಒಂದು ಕಣ್ಣು ಮುಚ್ಚಿ ಟ್ರಿಗರ್ ಎಳೆದ ಅನುಭವ ಮಿರ್ಲೆಯ ಸುತ್ತಲ ಹಳ್ಳಿಗಳಲ್ಲಿ ಬಹುತೇಕ ಗಂಡು ಮಕ್ಕಳಿಗೆ ಇದ್ದೀತು. ಬಲೂನು ಒಡೆದರೆ ಸಂತೋಷ, ಒಡೆಯದಿದ್ದರೆ ಅಂಗಡಿಯವನ ಬಂದೂಕು ಸರಿಯಿಲ್ಲವೆಂಬ ದೂರು. ಅಲ್ಲಿಗೆ ಶಿಕ್ಷಣ ಮುಗಿಯಿತು. ಮುಂದೆ ಅದೇ ಹುಡುಗ ಗೃಹಸ್ಥನಾಗಿ, ತೆಂಗಿನ ತೋಟಕ್ಕೆ ಮಂಗಗಳ ಕಾಟವೆಂದು ಮೈಸೂರಿನಿಂದ ಒಂದು ಏರ್‌ಗನ್ ಕೊಂಡು ತರುತ್ತಾನೆ. ಅದನ್ನು ಹಿಡಿಯುವುದು ಹೇಗೆ, ಇಡುವುದು ಎಲ್ಲಿ, ಮಕ್ಕಳ ಕೈಗೆ ಸಿಗದಂತೆ ಕಾಯುವುದು ಹೇಗೆ ಎಂದು ಹೇಳಿಕೊಟ್ಟವರು ನಡುವೆ ಒಬ್ಬರೂ ಇರುವುದಿಲ್ಲ.

ನಾನು ಈ ವಸ್ತುವಿನ ಮೋಹಕ್ಕೆ ಬಿದ್ದು ಎರಡು ದಶಕಗಳಾದವು. ಮೈಸೂರಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ಮಿರ್ಲೆಯ ಹಿರಿಯರ ಮನೆಯ ಹಿತ್ತಲಿನಲ್ಲಿ, ಜಗಲಿಯಿಂದ ಕೊಟ್ಟಿಗೆಯ ಗೋಡೆಯವರೆಗೆ ಟೇಪು ಹಿಡಿದು ಅಳೆದು, ಸರಿಯಾಗಿ 10 ಮೀಟರಿಗೆ ಒಂದು ಗೆರೆ ಎಳೆದುಕೊಂಡಿದ್ದೇನೆ. ಆ ತುದಿಯಲ್ಲಿ ಗುಂಡನ್ನು ನುಂಗುವ ಮರದ ಪೆಟ್ಟಿಗೆ. ಹಿಂಬದಿಗೆ ದಪ್ಪ ಕಬ್ಬಿಣದ ತಗಡು, ಒಳಗೆ ಒತ್ತಾಗಿ ತುಂಬಿದ ಹಳೆಯ ಗೋಣಿತಾಟು. ಸೀಸದ ಪೆಲೆಟ್ಟುಗಳನ್ನು ಡಬ್ಬಿಯಿಂದ ಸುರಿದು, ಅಕ್ಕಸಾಲಿಗರು ಬಳಸುವಂಥ ಪುಟ್ಟ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ, ಸಮತೂಕದವನ್ನು ಬೇರೆ ಮಾಡುವ ಕೆಲಸದಲ್ಲಿ ನನ್ನ ಎಷ್ಟೋ ಮಧ್ಯಾಹ್ನಗಳು ಕಳೆದಿವೆ. ಅರ್ಧ ಗ್ರಾಮಿನಷ್ಟು ತೂಗುವ ವಸ್ತುವಿನಲ್ಲಿ ಹೆಚ್ಚುಕಡಿಮೆ ಹುಡುಕುವ ನನ್ನನ್ನು ನೋಡಿ ಮನೆಯಾಕೆ ಒಮ್ಮೆ ಹೇಳಿದ್ದುಂಟು: ‘ಮಗಳ ಮದುವೇಲಿ ಚಿನ್ನ ತೂಗಿಸುವಾಗಲೂ ನೀವು ಇಷ್ಟು ಬಗ್ಗಿ ನೋಡಲಿಲ್ಲ.’ ಮಾತು ನಿಜ.

ಇದನ್ನು ಶೋಕಿ ಎನ್ನುವವರಿಗೆ ನನ್ನ ತಕರಾರಿಲ್ಲ. ಆದರೆ ಶೋಕಿಯೊಳಗೂ ಒಂದು ವಿದ್ಯೆ ಇದೆ. ಸಾಮಾನ್ಯ ಸ್ಪ್ರಿಂಗ್ ಏರ್‌ಗನ್ನಿನ ಒಳಗೆ ಮದ್ದಿಲ್ಲ, ಬೆಂಕಿಯಿಲ್ಲ. ನಳಿಗೆಯನ್ನು ಮಡಿಸಿ ಕೆಳಗೆ ಎಳೆದಾಗ ಬಲವಾದ ಸ್ಪ್ರಿಂಗ್ ಕುಗ್ಗಿ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದೊಡನೆ ಅದು ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ ಎದುರಿನ ಗಾಳಿಯನ್ನು ಒತ್ತುತ್ತದೆ. ಒತ್ತಿದ ಗಾಳಿ ಡಮರುವಿನ ಆಕಾರದ ಪೆಲೆಟ್ಟನ್ನು ನಳಿಗೆಯಿಂದ ಹೊರಗಟ್ಟುತ್ತದೆ. ಸೋಜಿಗವೆಂದರೆ, ಪೆಲೆಟ್ ನಳಿಗೆಯನ್ನು ಬಿಡುವ ಮೊದಲೇ ಬಂದೂಕು ಹಿಂದಕ್ಕೂ ಮುಂದಕ್ಕೂ ಎರಡು ಬಾರಿ ಅಲುಗಿರುತ್ತದೆ. ಬಿಗಿಯಾಗಿ ಅವುಚಿ ಹಿಡಿದರೆ ಈ ಅಲುಗಾಟ ಪ್ರತಿ ಸಲವೂ ಒಂದೊಂದು ರೀತಿಯಾಗಿ ಪೆಲೆಟ್ ಎತ್ತಲೋ ಹೋಗುತ್ತದೆ. ಅಂಗೈಯ ಮೇಲೆ ಸುಮ್ಮನೆ ಒರಗಿಸಿ, ಅದಕ್ಕೆ ಬೇಕಾದ ಹಾಗೆ ಅಲುಗಲು ಬಿಟ್ಟರೆ ಪೆಲೆಟ್ಟುಗಳು ಒಂದೇ ತೂತಿನ ಸುತ್ತ ಬೀಳತೊಡಗುತ್ತವೆ. ಬಲವಂತರಾದ ಯುವಕರು ಇದನ್ನು ನಂಬುವುದೇ ಇಲ್ಲ. ನೊಗದ ಎತ್ತನ್ನು ಹಗ್ಗ ಜಗ್ಗದೆ ಹೊಡೆಯಬಲ್ಲ ರೈತನಿಗೆ ಮಾತ್ರ ಇದು ಕೂಡಲೇ ಅರ್ಥವಾಗುತ್ತದೆ.

ಇನ್ನು ಗುರಿ. ಅಂತರರಾಷ್ಟ್ರೀಯ ಏರ್ ರೈಫಲ್ ಸ್ಪರ್ಧೆಯ ಗುರಿವೃತ್ತದ ಇಡೀ ಅಡ್ಡಳತೆ 45.5 ಮಿಲಿಮೀಟರ್. ನಡುವೆ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಬರೇ ಅರ್ಧ ಮಿಲಿಮೀಟರ್. ಪೆಲೆಟ್ಟಿನದು 4.5 ಮಿಲಿಮೀಟರ್. ಅಂದರೆ ತನಗಿಂತ ಒಂಬತ್ತು ಪಟ್ಟು ಕಿರಿದಾದ ಚುಕ್ಕೆಯನ್ನು ಅದು ಹತ್ತು ಮೀಟರ್ ದೂರದಿಂದ ಮುಟ್ಟಬೇಕು. ಎದೆಬಡಿತವೂ ಇಲ್ಲಿ ಅಡ್ಡಿಯೇ. ಉಸಿರನ್ನು ಅರ್ಧ ಬಿಟ್ಟು, ಅಲ್ಲಿಯೇ ನಿಲ್ಲಿಸಿ, ಕೆಲವೇ ಕ್ಷಣಗಳಲ್ಲಿ ಟ್ರಿಗರ್ ಎಳೆಯಬೇಕು; ಆಗಲಿಲ್ಲವೆಂದರೆ ಬಂದೂಕನ್ನು ಕೆಳಗಿಳಿಸಿ ಮತ್ತೆ ಮೊದಲಿನಿಂದ. ಹೊಡೆಯದೆ ಕೆಳಗಿಳಿಸುವುದನ್ನು ಕಲಿಯುವುದಕ್ಕೇ ನನಗೆ ವರ್ಷಗಳು ಹಿಡಿದವು.

ಹೀಗಿದ್ದರೂ ಬೀದಿಯಲ್ಲಿ ಎದುರಾಗುವವರು ಕೇಳುವ ಪ್ರಶ್ನೆ ಒಂದೇ: ‘ಏನ್ ಮೇಷ್ಟ್ರೆ, ಇವತ್ತು ಎಷ್ಟ್ ಹಕ್ಕಿ ಬಿದ್ದೊ?’

ಪ್ರಶ್ನೆಯಲ್ಲಿ ಕುಹಕವಿಲ್ಲ. ಏರ್‌ಗನ್ ಇರುವುದೇ ಹಕ್ಕಿ ಹೊಡೆಯಲು ಎಂಬ ಸರಳ ನಂಬಿಕೆ ಅಷ್ಟೆ. ಕಾವೇರಿಯ ಈ ಬಯಲಿನಲ್ಲಿ ನಾಟಿಯ ಕಾಲಕ್ಕೆ ಗದ್ದೆಗಳ ತುಂಬ ಬೆಳ್ಳಕ್ಕಿಗಳು, ಭತ್ತ ಹಾಲುದುಂಬಿದಾಗ ಗಿಳಿಗಳು, ವರ್ಷವಿಡೀ ಗೊರವಂಕಗಳು. ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಒಂದು ಕಾಲಕ್ಕೆ ಉಪದ್ರವಕಾರಿಗಳೆಂದು ಕಾಗೆಯೇ ಮೊದಲಾದವನ್ನು ಹೆಸರಿಸಿದ್ದ ಪಟ್ಟಿಯನ್ನೂ 2022ರ ತಿದ್ದುಪಡಿ ತೆಗೆದುಹಾಕಿತು. ಆದರೆ ಈ ಕಾಯ್ದೆಯ ಹೆಸರನ್ನು ಏರ್‌ಗನ್ ಕೊಳ್ಳುವವನು ಅಂಗಡಿಯಲ್ಲಿ ಕೇಳುವುದು ಅಪರೂಪ. ನಾನು ಮೊದಲ ಬಂದೂಕನ್ನು ಕೊಂಡ ಅಂಗಡಿಯಲ್ಲಿ ಹಣ ಎಣಿಸಿಕೊಂಡು ಪೆಟ್ಟಿಗೆಯನ್ನು ದಾರದಿಂದ ಬಿಗಿದು ಕೊಟ್ಟರು. ಮಿಕ್ಸಿ ಕೊಂಡರೂ ಬ್ಲೇಡಿಗೆ ಬೆರಳು ತಾಗಿಸಬೇಡಿ ಎಂದು ಒಂದು ಮಾತು ಹೇಳುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಹಕ್ಕಿ ಮತ್ತು ಏರ್‌ಗನ್ನಿನ ಸಂಬಂಧದಲ್ಲಿ ಈ ದೇಶದ ಬಹು ದೊಡ್ಡ ಕಥೆಯೊಂದಿದೆ. ಕಳೆದ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಬಾಲಕನೊಬ್ಬ ಸೋದರಮಾವ ಕೊಟ್ಟ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಕೊರಳಲ್ಲಿ ಹಳದಿ ಮಚ್ಚೆಯಿದ್ದ ಆ ಗುಬ್ಬಚ್ಚಿ ಯಾವುದೆಂದು ಮಾವನಿಗೂ ತಿಳಿಯಲಿಲ್ಲ. ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವನನ್ನು ಗದರಿಸಿ ಅಟ್ಟಲಿಲ್ಲ. ಹಕ್ಕಿಯನ್ನು ಗುರುತಿಸಿ, ತಮ್ಮಲ್ಲಿದ್ದ ಪಕ್ಷಿಗಳ ಸಂಗ್ರಹವನ್ನು ತೆಗೆದು ತೋರಿಸಿ, ಓದಲು ಪುಸ್ತಕ ಕೊಟ್ಟರು. ಆ ಬಾಲಕನೇ ಸಲೀಂ ಅಲಿ. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದವರು ಅವರು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದರ ಹಿಂದೆ ಅವರ ಒತ್ತಾಸೆ ಇತ್ತು. 1985ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಗೆ ಅವರು ಹೆಸರಿಟ್ಟದ್ದೂ ಆ ಗುಬ್ಬಚ್ಚಿಯ ಪತನದ ನೆನಪಿನಲ್ಲೇ.

ಈ ಕಥೆಯನ್ನು ಹೇಳುವಾಗ ಎಲ್ಲರೂ ಗುಬ್ಬಚ್ಚಿಯನ್ನೂ ಬಂದೂಕನ್ನೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಮಿಲ್ಲಾರ್ಡ್. ಬಂದೂಕು ಹಿಡಿದ ಹುಡುಗನನ್ನು ಒಳಗೆ ಕರೆದು, ‘ಇದೇನು ಗೊತ್ತೆ?’ ಎಂದು ಕೇಳುವ ಒಬ್ಬ ಹಿರಿಯ, ಕೇಳುವುದಕ್ಕೊಂದು ಜಾಗ. ಮುಂಬಯಿಯಲ್ಲಿ ಅವೆರಡೂ ಇದ್ದವು. ಮಿರ್ಲೆ ಹೋಬಳಿಯಲ್ಲಿ, ಹುಣಸೂರಿನಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಏರ್‌ಗನ್ ಹಿಡಿದ ಹುಡುಗನಿಗೆ ಯಾರಿದ್ದಾರೆ?

ಕಾನೂನಿನ ಮಾತಿಗೆ ಬರೋಣ. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 4.5 ಮಿಲಿಮೀಟರನ್ನು, ಹೊಮ್ಮುವ ಶಕ್ತಿ 20 ಜೂಲನ್ನು ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ಅದಕ್ಕೆ ಒಳಪಟ್ಟದ್ದಕ್ಕೆ ಬೇಡ. ಗುರುತು, ವಿಳಾಸದ ದಾಖಲೆ ಕೊಟ್ಟರೆ ಸಾಕು. ಕ್ರೀಡೆಯ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ಸ್ಪರ್ಧೆಯ ರೈಫಲ್ಲುಗಳ ಶಕ್ತಿ ಸಾಮಾನ್ಯವಾಗಿ ಏಳೆಂಟು ಜೂಲಿನ ಆಸುಪಾಸಿನದು. ಪ್ರತಿ ಹುಡುಗಿಯೂ ಹುಡುಗನೂ ಜಿಲ್ಲಾಧಿಕಾರಿಗಳ ಕಚೇರಿಗೆ ಅಲೆದು ಪರವಾನಗಿ ತರಬೇಕಾಗಿದ್ದರೆ ಈ ಕ್ರೀಡೆ ಇಷ್ಟು ಹರಡುತ್ತಿರಲಿಲ್ಲ. ಆದರೆ ಪರವಾನಗಿ ಬೇಡವೆಂಬುದನ್ನು ಜನ ಅಪಾಯವೇ ಇಲ್ಲವೆಂದು ಓದಿಕೊಂಡಿದ್ದಾರೆ. 20 ಜೂಲು ಆಟಿಕೆಯ ಲೆಕ್ಕವಲ್ಲ. ಅದರ ಅರ್ಧದಷ್ಟು ಶಕ್ತಿಯೂ ಹತ್ತಿರದಿಂದ ಕಣ್ಣಿಗೋ ಕೊರಳಿಗೋ ಎದೆಗೋ ತಾಗಿದರೆ ಸಾಕು. 2025ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ತೋಟವೊಂದರಲ್ಲಿ, ಮಂಗಗಳನ್ನು ಹೆದರಿಸಲು ಇಟ್ಟುಕೊಂಡಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿ, ಗುಂಡು ಹಾರಿ ಒಂಬತ್ತು ವರ್ಷದ ಬಾಲಕನೊಬ್ಬ ತೀರಿಕೊಂಡ. ಆ ಸುದ್ದಿ ಓದಿದ ದಿನ ನನ್ನ ಬಂದೂಕನ್ನು ಮುಟ್ಟಲು ಮನಸ್ಸಾಗಲಿಲ್ಲ.

ಹಾಗಾದರೆ ನಿಷೇಧಿಸಿಬಿಡೋಣವೇ? ಅರುಣಾಚಲ ಪ್ರದೇಶದಲ್ಲಿ 2021ರ ಮಾರ್ಚಿನಲ್ಲಿ ಪೂರ್ವ ಕಮೆಂಗ್ ಜಿಲ್ಲೆಯ ಲುಮ್‌ಡುಂಗ್ ಎಂಬ ಹಳ್ಳಿಯಿಂದ ಏರ್‌ಗನ್ ಒಪ್ಪಿಸುವ ಅಭಿಯಾನ ಶುರುವಾಯಿತು. ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಜನರೇ ತಂದೊಪ್ಪಿಸಿದರು. ಬೇಟೆ ನಿತ್ಯಜೀವನದ ಭಾಗವಾಗಿದ್ದ ನಾಡಿನಲ್ಲಿ ಅದು ಸಣ್ಣ ಮಾತಲ್ಲ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ನಮ್ಮ ಕಡೆಯ ರೈತ ಏರ್‌ಗನ್ ತಂದಿರುವುದು ಬೇಟೆಯ ಆಸೆಗಿಂತ ಬೆಳೆಯ ಚಿಂತೆಯಿಂದ. ಒಪ್ಪಿಸು ಎಂದರೆ ‘ಮಂಗನಿಗೇನು ಮಾಡಲಿ?’ ಎಂದು ಅವನು ಕೇಳುತ್ತಾನೆ, ಕೇಳಬೇಕಾದದ್ದೇ. ಏರ್‌ಗನ್ನಿನಿಂದ ಮಂಗನ ಕಾಟ ತೀರಿದ ತೋಟವನ್ನು ನಾನಂತೂ ಕಂಡಿಲ್ಲ. ಪೆಟ್ಟು ತಿಂದ ಕೋತಿ ನರಳಿ ನರಳಿ ಸಾಯುತ್ತದೆ, ಉಳಿದವು ಮರುದಿನ ಬರುತ್ತವೆ. ಅದಕ್ಕೆ ಉತ್ತರ ಹೇಳಬೇಕಾದದ್ದು ಅರಣ್ಯ ಇಲಾಖೆ, ಬಂದೂಕಿನ ಅಂಗಡಿಯಲ್ಲ.

ನಿಷೇಧಕ್ಕೂ ಉಪೇಕ್ಷೆಗೂ ನಡುವೆ ಒಂದು ದಾರಿ ನಮ್ಮ ನೆರೆಯಲ್ಲೇ ಇದೆ. ಮಿರ್ಲೆಯ ಗದ್ದೆಗಳಿಗೆ ನೀರುಣಿಸುವ ಕಾವೇರಿ ಹುಟ್ಟಿ ಬರುವ ಕೊಡಗಿನಲ್ಲಿ ಕೋವಿ ಮನೆಯ ಹಿರಿಯರಷ್ಟೇ ಹಳಬ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ನಡೆಯುತ್ತದೆ; ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಊರಿಗೆ ಊರೇ ಸೇರುತ್ತದೆ, ಹೆಂಗಸರೂ ಗುರಿಯಿಡುತ್ತಾರೆ. ಆ ವಿನಾಯಿತಿ ನಮಗೂ ಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕೋವಿಗೆ ಒಂದು ಜಾಗ, ಒಂದು ದಿನ, ನೋಡುವ ಹತ್ತು ಜನ ಹಿರಿಯರು ಇದ್ದಾರೆ ಎಂಬುದಷ್ಟೇ ನನ್ನ ಗಮನದಲ್ಲಿರುವುದು. ಬಯಲುಸೀಮೆಯ ಏರ್‌ಗನ್ನಿಗೆ ಇದೊಂದೂ ಇಲ್ಲ. ಅದು ಕೋಣೆಯ ಮೂಲೆಯಲ್ಲಿ, ಕೊಡೆಯ ಪಕ್ಕ ಒರಗಿ ನಿಂತಿರುತ್ತದೆ.

ಇನ್ನೊಂದು ಕಡೆ ಇದೇ ಕ್ರೀಡೆಯಲ್ಲಿ ದೇಶದ ಹೆಸರು ದೊಡ್ಡದಾಗಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ. ನಮ್ಮ ರಾಜ್ಯದವರೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಏರ್ ಪಿಸ್ತೂಲು ಹಿಡಿದವರು. 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾಗಿಯೂ ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಅವರ ತಂದೆಯೂ ಶೂಟರ್. ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಪದಕ ತಂದರು. ಇವರ ಶ್ರಮ ದೊಡ್ಡದು. ಆದರೆ ಮನೆಯಲ್ಲೊಬ್ಬ ಶೂಟರ್, ಊರಲ್ಲೊಂದು ರೇಂಜ್ ಇದ್ದವರ ದಾರಿ ಬೇರೆ, ಮಿರ್ಲೆಯ ಹುಡುಗಿಯ ದಾರಿ ಬೇರೆ.

ಸ್ಪರ್ಧೆಯ ರೈಫಲ್ಲಿನ ಬೆಲೆ ಲಕ್ಷಗಳಲ್ಲಿದೆ, ಬಡವರ ಆಟವಲ್ಲ ಎನ್ನುವ ಆಕ್ಷೇಪ ಸರಿಯೇ. ಕಲಿಯುವುದಕ್ಕೆ ಅದು ಬೇಕಿಲ್ಲ. ಸಾವಿರಗಳ ಲೆಕ್ಕದಲ್ಲಿ ಸಿಗುವ ಸ್ಪ್ರಿಂಗ್ ಬಂದೂಕು ಸಾಕು. ಕ್ರಿಕೆಟ್ಟಿಗೆ ಎಕರೆಗಟ್ಟಲೆ ಮೈದಾನ ಬೇಕು. ಇದಕ್ಕೆ ಬೇಕಾದದ್ದು ಹದಿನೈದು ಮೀಟರ್ ಉದ್ದದ, ಒಂದೇ ಬಾಗಿಲಿನ, ಕೊನೆಗೆ ಗಟ್ಟಿ ಗೋಡೆಯಿರುವ ಕೋಣೆ. ಮಕ್ಕಳಿಲ್ಲದೆ ಬಾಗಿಲು ಹಾಕಿರುವ ಸರ್ಕಾರಿ ಶಾಲಾ ಕೊಠಡಿಗಳಲ್ಲಿ, ಹಳೆಯ ಗೋದಾಮುಗಳಲ್ಲಿ ಅಂಥ ಜಾಗ ಹುಡುಕಿದರೆ ಸಿಗದಿರದು.

ನಮ್ಮ ಬೀದಿಯ ಹುಡುಗರು ಬೇಲಿಯಾಚೆ ನಿಂತು ‘ಸಾ, ಒಂದ್ ಸಲ ಕೊಡಿ ಸಾ’ ಎನ್ನುತ್ತಾರೆ. ಮೊದಲ ತಿಂಗಳು ಪೆಲೆಟ್ ಕೊಡುವುದಿಲ್ಲ. ಬರಿಯ ಬಂದೂಕು ಎತ್ತುವುದು, ನಳಿಗೆ ಸದಾ ಪೆಟ್ಟಿಗೆಯ ಕಡೆಗೇ ಇರುವಂತೆ ಹಿಡಿಯುವುದು, ಉಸಿರು ನಿಲ್ಲಿಸುವುದು, ಇಳಿಸುವುದು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕೆಂಬುದೂ ಪಾಠವೇ. ಅರ್ಧದಷ್ಟು ಮಂದಿ ಬೇಸತ್ತು ಹೋಗುತ್ತಾರೆ. ಉಳಿದವರಲ್ಲಿ ಇಬ್ಬರು, ತಮ್ಮ ಕಾಗದದ ಗುರಿಗಳನ್ನು ದಿನಾಂಕ ಬರೆದು ಜೋಡಿಸಿಟ್ಟುಕೊಳ್ಳತೊಡಗಿದ್ದಾರೆ. ಅವರು ಈಗ ಬೆಳ್ಳಕ್ಕಿಯತ್ತ ಬಂದೂಕು ತಿರುಗಿಸುವುದಿಲ್ಲ. ಬೆಳ್ಳಕ್ಕಿ ಅವರಿಗೆ ತೀರ ದೊಡ್ಡ ಗುರಿ.

ಆದರೆ ಒಬ್ಬ ನಿವೃತ್ತನ ಹಿತ್ತಲು ಸಾರ್ವಜನಿಕ ವ್ಯವಸ್ಥೆಯಾಗಲಾರದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತಾಲ್ಲೂಕಿಗೊಂದು ಕೋಣೆ, ನಾಲ್ಕು ಬಂದೂಕು, ರೈಫಲ್ ಸಂಸ್ಥೆಯಿಂದ ತರಬೇತಿ ಪಡೆದ ಒಬ್ಬ ದೈಹಿಕ ಶಿಕ್ಷಕರನ್ನು ಕೊಡಲಿ. ಊರಿನ ಏರ್‌ಗನ್ ಒಡೆಯರೆಲ್ಲ ವರ್ಷಕ್ಕೊಮ್ಮೆ ಅಲ್ಲಿಗೆ ಬಂದು ಅರ್ಧ ದಿನ ಪಾಠ ಕೇಳಲಿ. ಮಾರುವ ಅಂಗಡಿಯವರು ಆ ಪಾಠದ ಚೀಟಿ ಇಲ್ಲದೆ ಬಂದೂಕು ಕೊಡದಿರಲಿ. ಬಂದೂಕುಗಳು ಕಬ್ಬಿಣದ ಬೀರುವಿನಲ್ಲಿ, ಪೆಲೆಟ್ಟುಗಳು ಬೇರೊಂದು ಪೆಟ್ಟಿಗೆಯಲ್ಲಿ ಇರಬೇಕು. ಎರಡರ ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ ಇರಕೂಡದು.