ಬಿಚ್ಚಂಗಿಲ್ಲ ಮಾಮಾ, ಡಕ್ಟ್ ಇರ್ಲಿ

ಹೈದರಾಬಾದಿನ ನಾಚಾರಂನ ತಗಡಿನ ಅಂಗಡಿಯೊಂದರಲ್ಲಿ ಕತ್ತರಿಸಿಕೊಂಡ ಎರಡು ಅಲ್ಯೂಮಿನಿಯಂ ತಟ್ಟೆ, ಒಂದಿಷ್ಟು ಪೈಪು, ಎಂಟು ಕ್ಲಾಂಪು. ಇವೆಲ್ಲ ಸೇರಿದರೆ ಕಾರಿನ ಮುಂದಿನ ಬ್ರೇಕಿಗೆ ಗಾಳಿ ಒಯ್ದು ತಣಿಸುವ ಡಕ್ಟ್. ಇಷ್ಟಕ್ಕೇ ನಮ್ಮ ಭಾನುವಾರದ ಚಹಾದ ಗುಂಪು ಎರಡು ಹೋಳಾಗಿದೆ. ಬೀದರಿನಿಂದ ಬಂದಿದ್ದ ಅಕ್ಕನ ಗಂಡ ನನ್ನ ಹಳೆ ಸ್ವಿಫ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಂಪರಿನಲ್ಲಿ ಬಾಯಿ ತೆರೆದಿದ್ದ ಪೈಪಿನೊಳಗೆ ಬೆರಳು ಹಾಕಿ ನೋಡಿ, "ಕಂಪನಿಯವ್ರಿಗೆ ತಲಿ ಇಲ್ಲೇನು? ನೀ ಒಬ್ಬಾವನೇ ಶಾಣ್ಯಾ" ಅಂದರು. ಅವತ್ತು ಸಿಟ್ಟಿನಲ್ಲಿ ಏನೋ ಅಂದೆ. ಈಗ ಸಾವಕಾಶ ಉತ್ತರ ಕೊಡುತ್ತೇನೆ.

ಕಂಪನಿಯವರಿಗೆ ತಲೆ ಇದೆ ಮಾಮಾ. ಆದರೆ ಅವರು ಲೆಕ್ಕ ಹಾಕಿದ್ದು ಹಬ್ಸಿಗುಡದಿಂದ ಉಪ್ಪಲ್‌ಗೆ ಹೋಗಿ ಬರುವವನಿಗಾಗಿ. ನಾನು ವರ್ಷಕ್ಕೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುತ್ತೇನೆ. ಅಲ್ಲಿ ಒಂದು ಸುತ್ತು 3.7 ಕಿ.ಮೀ. ನಾನೂ ಸೇರಿ 1,050 ಕಿಲೋ ತೂಗುವ ಕಾರನ್ನು 140ರ ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವ ಶಾಖ ಸುಮಾರು 650 ಕಿಲೋಜೌಲ್. ಎರಡು ಲೀಟರ್ ತಣ್ಣೀರನ್ನು ಮೂರ್ನಾಲ್ಕು ಸೆಕೆಂಡಿನಲ್ಲಿ ಕುದಿಸುವಷ್ಟು! ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿನ ಮೇಲೇ ಬೀಳುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು. ವೇಗಕ್ಕೆಂದೇ ಕಾರು ಮಾಡುವ ಪೋರ್ಷೆಯಂಥ ಕಂಪನಿ ತಾನೇ ಕಾರಿನಡಿ ಬ್ರೇಕಿನ ಕಡೆಗೆ ಗಾಳಿ ತಿರುಗಿಸುವ ಪಟ್ಟಿ ಕೂರಿಸುತ್ತದೆ.

"ಕಾದ ಕಬ್ಬಿಣಕ್ಕೆ ಗಾಳಿ ಊದಿದರೆ ಸೊಟ್ಟಗಾಗುತ್ತದೆ" ಎಂಬುದು ಮೆಕ್ಯಾನಿಕ್ ಗೆಳೆಯನ ತಕರಾರು. ಇದು ಗಟ್ಟಿ ತಕರಾರು. ಪೈಪನ್ನು ಡಿಸ್ಕಿನ ಒಂದು ಮುಖಕ್ಕೆ ಹಿಡಿದರೆ ಆ ಮುಖ ತಣ್ಣಗೆ, ಇನ್ನೊಂದು ಬಿಸಿ, ಡಿಸ್ಕ್ ಬಾಗೀತು. ನಾನು ಹಿಡಿದಿರುವುದು ಅಲ್ಲಿಗಲ್ಲ. ಮುಂದಿನ ಡಿಸ್ಕ್ ಅಂದರೆ ಎರಡು ಬಿಲ್ಲೆ, ನಡುವೆ ಸಂದು, ಸಂದಿನಲ್ಲಿ ರೆಕ್ಕೆಗಳು. ಚಕ್ರ ತಿರುಗಿದಾಗ ಗಾಳಿ ನಡುಗುಂಡಿಯ ಕಡೆಯಿಂದ ಒಳಗೆ ಹೋಗಿ ಅಂಚಿನಿಂದ ಹೊರಬೀಳುತ್ತದೆ. ನಮ್ಮ ಮನೆಯ ಬೇಸಿಗೆಯ ಕೂಲರಿನ ಬ್ಲೋವರ್ ಇದ್ದಹಾಗೆ. ಆ ನಡುಗುಂಡಿಗೇ ಗಾಳಿ ಕೊಟ್ಟರೆ ಎರಡೂ ಬಿಲ್ಲೆ ಒಳಗಿನಿಂದ ಸಮವಾಗಿ ತಣಿಯುತ್ತವೆ. ತಗಡಿನ ತಟ್ಟೆಯ ಕೆಲಸ ಇದೊಂದೇ. ಮೂಲದ ಧೂಳುತಡೆ ತಟ್ಟೆಯನ್ನು ರಟ್ಟಿನ ಮೇಲೆ ಬರೆದುಕೊಂಡು, ಅದೇ ಅಳತೆಗೆ ಕತ್ತರಿಸಿ, ಹಬ್ಬಿನ ಪಕ್ಕದಲ್ಲಿ ಬಾಯಿ ಬರುವಂತೆ ರಿವೆಟ್ ಹೊಡೆದದ್ದು. ನಡುವೆ ಸಂದಿಲ್ಲದ ಗಟ್ಟಿ ಡಿಸ್ಕಿನ ಕಾರುಗಳಿಗೆ ಇದರಿಂದ ಪ್ರಯೋಜನವಿಲ್ಲ, ಒಪ್ಪುತ್ತೇನೆ.

"ಒಳ್ಳೆ ಪ್ಯಾಡ್ ಹಾಕು, ಬ್ರೇಕ್ ಆಯಿಲ್ ಬದಲಿಸು, ಮುಗೀತು." ಎರಡನ್ನೂ ಮೊದಲೇ ಮಾಡಿದ್ದೇನೆ, ಮಾಡದವರು ಡಕ್ಟಿನ ಮಾತೇ ಎತ್ತಬಾರದು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ; ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆದರೆ ಪ್ಯಾಡ್ ಶಾಖವನ್ನು ತಡೆದುಕೊಳ್ಳುತ್ತದೆಯೇ ಹೊರತು ಓಡಿಸುವುದಿಲ್ಲ. ಆ ಶಾಖ ಕ್ಯಾಲಿಪರಿನ ರಬ್ಬರಿಗೆ, ಬೇರಿಂಗಿನ ಗ್ರೀಸಿಗೆ ಹೋಗಿಯೇ ಹೋಗುತ್ತದೆ.

ನನ್ನ ಪರೀಕ್ಷೆ ಸರಳ. ಬೆಳಿಗ್ಗೆ ಡಕ್ಟಿನ ಬಾಯಿಗೆ ಟೇಪ್ ಹಚ್ಚಿ ಓಡಿಸಿದೆ; ನಾಲ್ಕನೇ ಸುತ್ತಿಗೆ ಪೆಡಲ್ ಸ್ಪಂಜಿನಂತಾಯಿತು. ಮಧ್ಯಾಹ್ನದ ಉರಿಬಿಸಿಲಲ್ಲಿ ಟೇಪ್ ಕಿತ್ತು ಓಡಿಸಿದೆ. ಎಂಟು ಸುತ್ತಾದರೂ ಪೆಡಲ್ ಇದ್ದಲ್ಲೇ ಇತ್ತು. ಇನ್‌ಫ್ರಾರೆಡ್ ಗನ್ನಿನ ಅಂಕಿ ಕೇಳಬೇಡಿ. ನಿಧಾನಕ್ಕೆ ಒಂದು ಸುತ್ತು ಹಾಕಿ ಒಳಗೆ ಬರುವಷ್ಟರಲ್ಲಿ ಡಿಸ್ಕ್ ಆರಿರುತ್ತದೆ, ಆ ಅಂಕಿಯನ್ನು ನಾನೇ ನಂಬುವುದಿಲ್ಲ.

"ಮನೆಯಲ್ಲಿ ಮಾಡಿದ್ದು, ಬಿದ್ದುಹೋಗುತ್ತದೆ" ಅಂದವರಿಗೆ: ಮೊದಲ ಸಲ ಬಿದ್ದೇ ಹೋಯಿತು. ಅಡುಗೆಮನೆ ಚಿಮಣಿಯ ಬೆಳ್ಳಿಬಣ್ಣದ ಪೈಪ್ ಹಾಕಿದ್ದೆ. ಕಾರನ್ನು ಎತ್ತಿ, ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡುವ ಬುದ್ಧಿ ಬಂದಿರಲಿಲ್ಲ. ಎಚ್‌ಎಂಟಿ ನಗರದ ಯೂ ಟರ್ನಿನಲ್ಲಿ ಟಯರು ಅದನ್ನು ಹಪ್ಪಳದಂತೆ ಮುರಿದು ಹಾಕಿತು. ಪ್ಲಾಸ್ಟಿಕ್ ಟ್ಯಾಗುಗಳು ಕರಗಿ ಅಂಟಿದ್ದವು. ಈಗಿರುವುದು ಸಿಲಿಕೋನ್ ಲೇಪದ ಗ್ಲಾಸ್ ಫೈಬರ್ ಪೈಪು, ಸ್ಟೀಲ್ ಕ್ಲಾಂಪು.

ಮಳೆನೀರು, ಕಲ್ಲು? ರಸ್ತೆಗೆ ಇಳಿದಾಗ ಬಾಯಿಗೆ ಮುಚ್ಚಳ ಹಾಕುತ್ತೇನೆ. ಕಾನೂನು? 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದು ಆರ್‌ಸಿಯ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು. ನಾನು ಬಂಪರನ್ನೂ ಕೊಯ್ದಿಲ್ಲ; ಫಾಗ್ ಲ್ಯಾಂಪ್ ಇಲ್ಲದ ಮಾಡೆಲ್, ಆ ಜಾಗ ಖಾಲಿಯೇ ಇತ್ತು. ಇನ್ನೊಬ್ಬ ಗೆಳೆಯ 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಓಡಿದ ಫಾರ್ಮುಲಾ ಇ ಎಲೆಕ್ಟ್ರಿಕ್ ರೇಸ್ ಕಾರುಗಳ ಉದಾಹರಣೆ ಕೊಟ್ಟ: ಹಿಂದಿನ ಚಕ್ರಕ್ಕೆ ಮಾಮೂಲಿ ಬ್ರೇಕೇ ಇಲ್ಲ. ನಿಜ, ಅವು ವೇಗ ಇಳಿಸುವಾಗಿನ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತವೆ. ನನ್ನ ಸ್ವಿಫ್ಟ್ ಅದನ್ನು ಎಲ್ಲಿ ತುಂಬಿಕೊಳ್ಳಬೇಕು, ಡಿಕ್ಕಿಯಲ್ಲೇ?

ಕೊನೆಗೆ ಮಾಮಾ ಕೇಳಿದ್ದು: "ಶ್ರೀಶೈಲದ ಘಾಟಿನಾಗ ಇದರದ್ದೇನು ಉಪಯೋಗ?" ಏನೂ ಇಲ್ಲ. ಮೂವತ್ತರ ವೇಗದಲ್ಲಿ ಪೈಪಿಗೆ ಗಾಳಿಯೇ ನುಗ್ಗುವುದಿಲ್ಲ. ಅಲ್ಲಿ ಎರಡನೇ ಗೇರಿನಲ್ಲಿ ಇಳಿಯಬೇಕು. ಹೋದ ಯುಗಾದಿಗೆ ಸುಂಡಿಪೆಂಟದಿಂದ ಡ್ಯಾಮಿನ ಕಡೆ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ, ಬ್ರೇಕ್ ತುಳಿದೇ ಇಳಿದವರು ನೀವು. ಸುಟ್ಟ ವಾಸನೆಗೆ ಅಕ್ಕ ಮೂಗಿಗೆ ಸೆರಗು ಹಿಡಿದಿದ್ದಳು. ಆಮೇಲೆ ಆ ಕಾರಿನ ಬ್ರೇಕ್ ಆಯಿಲ್ ಬದಲಿಸಿದ್ದೀರಾ ಮಾಮಾ?